ಹಬ್ಬದ ದಿನ ಯಾರೂ ಕೈಚಾಚಬಾರದು



ರಂಜಾನ್ ಹಬ್ಬದ ಹಿಂದಿನ ರಾತ್ರಿ ನೀವು ಎಂದಾದರೂ ಕಾಸರಗೋಡಿನ ತಳಂಗರೆಯ ಕಡೆಯಲ್ಲೋ, ಸೊಲ್ಲಾಪುರದ ಹಳೆಯ ಪೇಟೆಯಲ್ಲೋ, ಆದವಾನಿಯ ಗಲ್ಲಿಗಳಲ್ಲೋ ನಡೆದುಹೋಗಿದ್ದೀರಾ? ಚಂದ್ರ ಕಂಡ ಸುದ್ದಿ ಬಂದೊಡನೆ ಅಂಗಡಿಗಳ ಮುಂದೆ ಜನ ಕಿಕ್ಕಿರಿಯುತ್ತಾರೆ. ಶ್ಯಾವಿಗೆ, ಖರ್ಜೂರ, ಬಳೆ, ಅತ್ತರು ಎಲ್ಲದಕ್ಕೂ ಗಿರಾಕಿಗಳು. ಆ ಗದ್ದಲದ ನಡುವೆಯೇ ಕೆಲವರು ಹೆಗಲ ಮೇಲೆ ಅಕ್ಕಿಯ ಚೀಲ ಹೊತ್ತು ಬೆಳಕಿಲ್ಲದ ಓಣಿಯೊಳಗೆ ತಿರುಗುವುದುಂಟು. ಒಂದು ಬಾಗಿಲು ತಟ್ಟುತ್ತಾರೆ, ಸಲಾಂ ಹೇಳುತ್ತಾರೆ, ತಂದದ್ದನ್ನು ಒಳಗಿಟ್ಟು ಹೆಚ್ಚು ಹೊತ್ತು ನಿಲ್ಲದೆ ಮುಂದಿನ ಮನೆಗೆ ಹೋಗುತ್ತಾರೆ.

ನೋಡಿದವರಿಗೆ ಇದು ಯಾರೋ ಉದಾರಿಗಳು ಮಾಡುವ ಧರ್ಮಕಾರ್ಯ ಎನ್ನಿಸಬಹುದು. ಆದರೆ ಈ ಚೀಲದ ಹಿಂದೆ ಸುಮಾರು ಸಾವಿರದ ನಾನೂರು ವರ್ಷಗಳ ಇತಿಹಾಸವಿದೆ. ಚೀಲದಲ್ಲಿ ಎಷ್ಟಿರಬೇಕು, ಅದು ಯಾವ ಹೊತ್ತಿನೊಳಗೆ ಮನೆ ಸೇರಬೇಕು ಎಂಬುದಕ್ಕೂ ಕಟ್ಟಳೆಯಿದೆ. ಆ ಕಟ್ಟಳೆ ಹೇಗೆ ಹುಟ್ಟಿತು, ನಮ್ಮ ಗಡಿನಾಡಿನಲ್ಲಿ ಅದು ಯಾವ ಯಾವ ರೂಪ ತಾಳಿದೆ ಎಂಬುದನ್ನು ನಿಮ್ಮೊಡನೆ ಹಂಚಿಕೊಳ್ಳುವುದು ಈ ಬರಹದ ಉದ್ದೇಶ.

ಹಿಜರಿ ಎರಡನೆಯ ವರ್ಷ, ಅಂದರೆ ಕ್ರಿಸ್ತಶಕ 624ರಲ್ಲಿ, ಮದೀನಾ ನಗರದ ಮುಸಲ್ಮಾನರು ಮೊದಲ ಬಾರಿಗೆ ರಂಜಾನ್ ತಿಂಗಳ ಉಪವಾಸವನ್ನು ಆಚರಿಸಿದರು. ಆ ಉಪವಾಸದ ಬೆನ್ನಿಗೇ ಬಂದದ್ದು ಫಿತ್ರ್ ಝಕಾತ್. ನಮ್ಮ ಸೊಲ್ಲಾಪುರ, ಜತ್ತ, ಅಕ್ಕಲಕೋಟೆಗಳ ಕಡೆ ಇದನ್ನು ‘ಫಿತ್ರಾ’ ಎನ್ನುತ್ತಾರೆ. ಮನೆಯ ಯಜಮಾನನು ತನ್ನ ಪರವಾಗಿ, ಹೆಂಡತಿ ಮಕ್ಕಳ ಪರವಾಗಿ, ಹಬ್ಬದ ಮುನ್ನ ಹುಟ್ಟಿದ ಕೈಗೂಸಿನ ಪರವಾಗಿಯೂ ತಲೆಗೊಂದು ಅಳತೆಯಷ್ಟು ಆಹಾರವನ್ನು ಬಡವರಿಗೆ ಕೊಡಬೇಕು. ಅದನ್ನು ಹಬ್ಬದ ನಮಾಜಿಗೆ ಹೊರಡುವ ಮೊದಲೇ ಕೊಟ್ಟು ಮುಗಿಸಬೇಕು. ನಮಾಜಿನ ನಂತರ ಕೊಟ್ಟರೆ ಅದು ಸಾಮಾನ್ಯ ದಾನಗಳಲ್ಲಿ ಒಂದಾಗುತ್ತದೆಯೇ ಹೊರತು ಫಿತ್ರ್ ಎನಿಸಿಕೊಳ್ಳುವುದಿಲ್ಲ ಎಂದು ಹದೀಸಿನ ಪರಂಪರೆ ಹೇಳುತ್ತದೆ.

ಹೊತ್ತಿನ ವಿಚಾರದಲ್ಲಿ ಇಷ್ಟೊಂದು ಬಿಗಿ ಏಕೆ ಎಂದು ನೀವು ಕೇಳಬಹುದು. ಹಬ್ಬದ ಬೆಳಿಗ್ಗೆ ಊರಿಗೆ ಊರೇ ಹೊಸ ಬಟ್ಟೆ ಉಟ್ಟು ಈದ್‌ಗಾಕ್ಕೆ ಹೊರಟಾಗ ಒಬ್ಬನು ಮಾತ್ರ ಖಾಲಿ ಪಾತ್ರೆ ಹಿಡಿದು ಬೀದಿ ಬೀದಿ ತಿರುಗುವಂತಾದರೆ ಅದು ಅವನ ಪಾಲಿಗೆ ಹಬ್ಬವೇ ಆಗದು. ಆ ಒಂದು ದಿನವಾದರೂ ಬಡವನು ಕೇಳಬೇಕಾದ ಪ್ರಸಂಗ ಬರಬಾರದು. ಕೇಳುವ ಮೊದಲೇ ಅವನ ಮನೆಯಲ್ಲಿ ಧಾನ್ಯ ಇರಬೇಕು. ಕಟ್ಟಳೆಯ ಜೀವ ಇರುವುದು ಇಲ್ಲಿ.

ಈ ಕೆಲಸಕ್ಕೆ ಮೊದಲಿನಿಂದಲೂ ಸ್ವಯಂಸೇವಕರು ಬೇಕಾಗಿದ್ದರು ಎಂಬುದಕ್ಕೆ ಬುಖಾರಿಯವರ ಹದೀಸ್ ಸಂಗ್ರಹದಲ್ಲಿ ಸೊಗಸಾದ ಪ್ರಸಂಗವೊಂದಿದೆ. ಜನ ತಂದು ಒಪ್ಪಿಸಿದ ರಂಜಾನಿನ ಧಾನ್ಯವನ್ನು ಕಾಯುವ ಹೊಣೆ ಅಬೂ ಹುರೈರಾ ಎಂಬ ಅನುಯಾಯಿಯದಾಗಿತ್ತು. ರಾತ್ರಿ ಯಾರೋ ಬಂದು ಧಾನ್ಯ ಬಾಚಿಕೊಳ್ಳತೊಡಗಿದ. ಹಿಡಿದರೆ, ‘ನಾನು ಬಡವ, ಮನೆ ತುಂಬ ಮಕ್ಕಳಿದ್ದಾರೆ’ ಎಂದು ಅಂಗಲಾಚಿದ. ಕಾವಲುಗಾರ ಮರುಗಿ ಬಿಟ್ಟುಬಿಟ್ಟ. ಮರುರಾತ್ರಿಯೂ ಅದೇ ಕಥೆ. ಮೂರನೆಯ ರಾತ್ರಿಯ ನಂತರ ಆ ಕಳ್ಳ ಸೈತಾನನೇ ಎಂದು ತಿಳಿದುಬಂತಂತೆ! ಅದು ಹಾಗಿರಲಿ. ಹಬ್ಬಕ್ಕೆ ಕೆಲವು ದಿನ ಮೊದಲೇ ಧಾನ್ಯವನ್ನು ಒಂದೆಡೆ ಕೂಡಿಸಿಡುತ್ತಿದ್ದರು, ಅದಕ್ಕೆ ಕಾವಲೂ ಇರುತ್ತಿತ್ತು ಎಂಬ ಚಿತ್ರ ಈ ಪ್ರಸಂಗದಿಂದ ನಮಗೆ ಸಿಗುತ್ತದೆ.

ಇನ್ನು ಅಳತೆಯ ಮಾತು. ಅಂದಿನ ಮದೀನಾದ ಅಳತೆಗೆ ‘ಸಾಅ್’ ಎಂದು ಹೆಸರು. ಒಂದು ಸಾಅ್ ಎಂದರೆ ನಾಲ್ಕು ‘ಮುದ್ದ್’. ಒಂದು ಮುದ್ದ್ ಎಂದರೆ ಸಾಧಾರಣ ಮೈಕಟ್ಟಿನ ಮನುಷ್ಯನ ಒಂದು ಬೊಗಸೆ. ಹೀಗೆ ತಲೆಗೆ ನಾಲ್ಕು ಬೊಗಸೆ ಎಂಬುದು ಮೂಲ ಲೆಕ್ಕ. ಮದೀನಾದಲ್ಲಿ ಆ ಬೊಗಸೆಯಲ್ಲಿ ಖರ್ಜೂರವೋ ಜವೆಗೋಧಿಯೋ ಒಣದ್ರಾಕ್ಷಿಯೋ ಇರುತ್ತಿತ್ತು. ಇಂದಿನ ತೂಕದಲ್ಲಿ ಹೇಳುವುದಾದರೆ ಅದು ಎರಡೂವರೆಯಿಂದ ಮೂರು ಕಿಲೋ ಆಗುತ್ತದೆ.

ಗಡಿನಾಡಿನವರಾದ ನಮಗೆ ಇಲ್ಲೊಂದು ಸ್ವಾರಸ್ಯದ ಸಂಗತಿ ಇದೆ. ಕಾಸರಗೋಡಿನ ಕರಾವಳಿಗೆ ಇಸ್ಲಾಂ ಬಂದದ್ದು ಕಡಲ ದಾರಿಯಿಂದ, ಅರಬ್ ವರ್ತಕರ ಹಡಗುಗಳ ಜೊತೆಗೆ. ಆದ್ದರಿಂದ ಅಲ್ಲಿನ ಮುಸಲ್ಮಾನರಲ್ಲಿ ಹೆಚ್ಚಿನವರು ಯೆಮನ್ ಕಡೆಯವರಂತೆ ಶಾಫಿ ಪಂಥವನ್ನು ಅನುಸರಿಸುತ್ತಾರೆ. ಸೊಲ್ಲಾಪುರ, ಅಕ್ಕಲಕೋಟೆ, ಆದವಾನಿ, ರಾಯದುರ್ಗಗಳ ದಖ್ಖನಿ ಮುಸಲ್ಮಾನರ ಪರಂಪರೆ ಬಂದದ್ದು ಉತ್ತರದ ನೆಲದ ದಾರಿಯಿಂದ. ಅವರಲ್ಲಿ ಹನಫಿ ಪಂಥದವರು ಹೆಚ್ಚು. ಶಾಫಿ ಪಂಥದವರು ಆಯಾ ಊರಿನ ಮುಖ್ಯ ಆಹಾರವನ್ನೇ ಕೊಡಬೇಕು, ಹಣ ಸಲ್ಲದು ಎನ್ನುತ್ತಾರೆ. ಹನಫಿಗಳು ಗೋಧಿಯಾದರೆ ಅರ್ಧ ಸಾಅ್ ಸಾಕು, ಅದರ ಬೆಲೆಯನ್ನು ಹಣವಾಗಿಯೂ ಕೊಡಬಹುದು ಎನ್ನುತ್ತಾರೆ. ಅದರಂತೆ ಕಾಸರಗೋಡಿನ ಓಣಿಯಲ್ಲಿ ಅಕ್ಕಿಯ ಚೀಲ ನಡೆದುಹೋದರೆ, ಸೊಲ್ಲಾಪುರದ ಗಲ್ಲಿಯಲ್ಲಿ ಸಣ್ಣದೊಂದು ಲಕೋಟೆ ಕೈಯಿಂದ ಕೈಗೆ ಸರಿಯುತ್ತದೆ. ಆ ಹಣದಿಂದ ಮಗುವಿಗೊಂದು ಅಂಗಿ, ಸುರಕುಂಬಾಕ್ಕೆ ಹಾಲು ಸಕ್ಕರೆ ಬರುತ್ತದೆ. ಅಕ್ಕಿಯಿಂದ ಹೊಟ್ಟೆ ತುಂಬುವುದು ಖಚಿತ, ಹಣದಿಂದ ಬೇಕಾದ್ದನ್ನು ಕೊಳ್ಳುವ ಸ್ವಾತಂತ್ರ್ಯ. ಎರಡಕ್ಕೂ ಅದರದೇ ಆದ ಬೆಲೆಯಿದೆ.

ಶಾಫಿ ಪಂಥದ ಇನ್ನೊಂದು ನಿಯಮವನ್ನು ನಾನು ಮೊದಲ ಬಾರಿಗೆ ಕೇಳಿದಾಗ ಬೆರಗಾದೆ. ಹಬ್ಬದ ಹಗಲು ರಾತ್ರಿಯ ಊಟ ಮತ್ತು ಅಗತ್ಯಗಳನ್ನು ಕಳೆದು ಮಿಕ್ಕಿದ್ದು ಯಾರ ಬಳಿಯಿದೆಯೋ ಅವರೆಲ್ಲರೂ ಫಿತ್ರ್ ಕೊಡಬೇಕು. ಇದಕ್ಕೆ ಶ್ರೀಮಂತಿಕೆಯ ಮಿತಿ ಇಲ್ಲ. ಹನಫಿಗಳಲ್ಲಾದರೆ ಇಂತಿಷ್ಟು ಆಸ್ತಿ ಇದ್ದವನಿಗೆ ಮಾತ್ರ ಈ ಹೊಣೆ. ಶಾಫಿ ನಿಯಮ ಎಂಥ ಪರಿಣಾಮ ಮಾಡುತ್ತದೆಂದು ಊಹಿಸಿಕೊಳ್ಳಿ. ಒಬ್ಬಳು ವಿಧವೆಯ ಮನೆಗೆ ಹಿಂದಿನ ದಿನವೇ ಐದಾರು ಮನೆಗಳಿಂದ ಅಕ್ಕಿ ಬಂದಿದೆ ಎನ್ನೋಣ. ಸೂರ್ಯ ಮುಳುಗುವ ಹೊತ್ತಿಗೆ ಆಕೆಯ ಬಳಿ ನಾಳೆಗೆ ಬೇಕಾದುದಕ್ಕಿಂತ ಹೆಚ್ಚು ಧಾನ್ಯವಿದೆ. ಆಗ ಆಕೆಯೂ ನಾಲ್ಕು ಬೊಗಸೆ ಅಳೆದು ಬೇರೊಬ್ಬ ಬಡವರಿಗೆ ಕೊಡುತ್ತಾಳೆ. ಪಡೆದವಳೇ ಕೊಡುವವಳಾಗುತ್ತಾಳೆ. ಪಡೆದ ಕೈ ಕೆಳಗೇ ಉಳಿಯದಂತೆ ನೋಡಿಕೊಳ್ಳುವ ಈ ಏರ್ಪಾಡಿಗೆ ನಾವು ತಲೆದೂಗಬೇಕು.

ಆದರೆ ಅಳತೆ, ಹೊತ್ತು ಎಲ್ಲ ಗೊತ್ತಾದ ಮೇಲೂ ಒಂದು ಕಷ್ಟದ ಪ್ರಶ್ನೆ ಉಳಿಯುತ್ತದೆ. ಯಾರಿಗೆ ಕೊಡಬೇಕು? ಮನೆ ಮನೆಗೆ ಬಂದು ತುತ್ತು ಎರಡು ತುತ್ತು ಕೇಳುವವನಿಗಿಂತ, ಇಲ್ಲದಿದ್ದರೂ ಬಾಯಿಬಿಟ್ಟು ಕೇಳದೆ, ಇಲ್ಲವೆಂಬುದು ಹೊರಗೆ ತಿಳಿಯದಂತೆ ಬದುಕುವವನೇ ನಿಜವಾದ ಬಡವ ಎಂಬ ಅರ್ಥದ ಮಾತು ಹದೀಸುಗಳಲ್ಲಿದೆ. ಅಂಥವನನ್ನು ಗುರುತಿಸಬೇಕಾದರೆ ಅದೇ ಓಣಿಯವರೇ ಆಗಬೇಕು. ಯಾರ ಮನೆಯ ಒಲೆ ಹೊತ್ತಿಲ್ಲ, ಯಾರ ದುಡಿಯುವ ಮಗ ಹಾಸಿಗೆ ಹಿಡಿದಿದ್ದಾನೆ ಎಂಬುದು ನೆರೆಯವರಿಗೆ ತಿಳಿದಷ್ಟು ಇನ್ನಾರಿಗೂ ತಿಳಿಯದು.

ಈ ಸೂಕ್ಷ್ಮವನ್ನು ಬದುಕಿ ತೋರಿಸಿದವರೆಂದು ಪರಂಪರೆ ಕೊಂಡಾಡುವುದು ಇಮಾಮ್ ಜೈನುಲ್ ಆಬಿದೀನರನ್ನು. ನಮ್ಮ ಊರುಗಳಲ್ಲಿ ಅಲಾಯಿ ಕುಣಿ ತೋಡಿ ಜಾತಿಭೇದವಿಲ್ಲದೆ ಮೊಹರಂ ಆಚರಿಸುವವರಿಗೆ ಇಮಾಮ್ ಹುಸೇನರ ಪರಿಚಯವನ್ನು ಹೊಸದಾಗಿ ಮಾಡಿಕೊಡಬೇಕಿಲ್ಲ. 680ರ ಕರ್ಬಲಾ ದುರಂತದಲ್ಲಿ ಕಾಯಿಲೆ ಮಲಗಿದ್ದರಿಂದ ಯುದ್ಧಕ್ಕಿಳಿಯದೆ ಉಳಿದುಕೊಂಡ ಹುಸೇನರ ಮಗನೇ ಈ ಜೈನುಲ್ ಆಬಿದೀನ್. ಅವರು ಮದೀನಾದಲ್ಲಿದ್ದಾಗ ರಾತ್ರಿಯ ಕತ್ತಲಲ್ಲಿ ಹಿಟ್ಟಿನ ಚೀಲವನ್ನು ಬೆನ್ನ ಮೇಲೆ ಹೊತ್ತು ಬಡವರ ಮನೆಗಳಿಗೆ ಮುಟ್ಟಿಸುತ್ತಿದ್ದರಂತೆ. ಕೊಡುವವರು ಯಾರೆಂದು ಪಡೆಯುವವರಿಗೆ ಗೊತ್ತಿರಲಿಲ್ಲ. ಅವರು ತೀರಿಹೋದ ಮೇಲೆ ಆ ಮನೆಗಳಿಗೆ ಹಿಟ್ಟು ಬರುವುದು ನಿಂತಿತು. ಮೈ ತೊಳೆಯುವಾಗ ಬೆನ್ನ ಮೇಲೆ ಚೀಲ ಹೊತ್ತ ಗುರುತು ಕಂಡಿತು. ಆಗ ಜನರಿಗೆ ತಿಳಿಯಿತು ಎಂದು ಹಳೆಯ ಚರಿತ್ರಕಾರರು ಬರೆದಿದ್ದಾರೆ.

ಮನೆಗೆ ಮುಟ್ಟಿಸುವ ಈ ದಾರಿಯ ಜೊತೆಗೆ ಬಡವರನ್ನು ಕರೆದು ಉಣಿಸುವ ಇನ್ನೊಂದು ದಾರಿಯೂ ಬೆಳೆಯಿತು. 1047ರಲ್ಲಿ ಪರ್ಷಿಯಾದ ಯಾತ್ರಿಕ ನಾಸಿರ್ ಖುಸ್ರೋ ಪಾಲೆಸ್ತೀನಿನ ಹೆಬ್ರಾನ್ ಊರಿಗೆ ಹೋದಾಗ, ಬಂದವರಿಗೆಲ್ಲ ರೊಟ್ಟಿ, ಆಲಿವ್ ಎಣ್ಣೆಯಲ್ಲಿ ಬೇಯಿಸಿದ ಬೇಳೆ, ಒಣದ್ರಾಕ್ಷಿ ಕೊಡುತ್ತಿದ್ದುದನ್ನು ಕಂಡ. ಕೆಲವು ದಿನ 500 ಮಂದಿ ಬರುತ್ತಿದ್ದರೆಂದು ಬರೆದ. ಅದೇ ಸೀಮೆಯ ಜೆರುಸಲೇಂ ನಗರದಲ್ಲಿ 1552ರ ಹೊತ್ತಿಗೆ ತುರ್ಕಿ ಸುಲ್ತಾನ ಸುಲೇಮಾನನ ಹೆಂಡತಿ ಹುರ್ರೆಮ್ ದೊಡ್ಡದೊಂದು ಅಡುಗೆಮನೆ ಸ್ಥಾಪಿಸಿದಳು. ಸೆರೆಯಾಳಾಗಿ ಅರಮನೆ ಸೇರಿ ರಾಣಿಯಾದವಳು ಆಕೆ. ಖರ್ಚಿಗೆಂದು ಇಪ್ಪತ್ತಕ್ಕೂ ಹೆಚ್ಚು ಹಳ್ಳಿಗಳ ಆದಾಯವನ್ನು ವಕ್ಫ್ ಮಾಡಿದಳು. ದಿನಕ್ಕೆರಡು ಹೊತ್ತು 400 ಬಡವರಿಗೆ ಅಲ್ಲಿ ಊಟ. ಬೆಳಿಗ್ಗೆ ಅಕ್ಕಿಯ ಗಂಜಿ, ಸಂಜೆ ಗೋಧಿನುಚ್ಚಿನ ಗಂಜಿ. ಶುಕ್ರವಾರ ಮತ್ತು ಹಬ್ಬದ ದಿನಗಳಲ್ಲಿ ಮಾತ್ರ ಕುರಿಮಾಂಸದ ಅನ್ನ, ಜೇನು ಕೇಸರಿ ಹಾಕಿದ ಸಿಹಿ ಅನ್ನ. ಬಡವರಿಗೂ ಹಬ್ಬದ ದಿನ ಬೇರೆ ಅಡುಗೆ ಆಗಬೇಕೆಂಬುದನ್ನು ಆ ದಾನಪತ್ರದಲ್ಲೇ ಬರೆಸಿದ್ದಳು. ಆ ಒಲೆ ನಾಲ್ಕೂವರೆ ಶತಮಾನ ದಾಟಿ ನಮ್ಮ ಕಾಲದವರೆಗೂ ಉರಿದು ಬಂದಿದೆ.

ಇಂಥ ಪಂಕ್ತಿ ನಮಗೆ ಹೊಸದಲ್ಲ. ಶರಣರ ದಾಸೋಹ, ಅಕ್ಕಲಕೋಟೆಯ ಅನ್ನಛತ್ರ, ದರ್ಗಾಗಳ ಲಂಗರ್ ಇವೆಲ್ಲ ಒಂದೇ ಮರದ ಕೊಂಬೆಗಳು. ಆದರೆ ಎಷ್ಟೇ ದೊಡ್ಡ ಅಡುಗೆಮನೆಯಾದರೂ ಅಲ್ಲಿಗೆ ಬರಲು ಕಾಲಲ್ಲಿ ಬಲ ಬೇಕು, ಸಾಲಿನಲ್ಲಿ ನಿಲ್ಲಲು ಮನಸ್ಸು ಒಪ್ಪಬೇಕು. ಹಾಸಿಗೆ ಹಿಡಿದ ಮುದುಕ, ನಾಚಿಕೆಯ ಹೆಂಗಸು, ಕಣ್ಣು ಕಾಣದವರು ಅಲ್ಲಿಗೆ ಬರಲಾರರು. ಅವರಿಗಾಗಿ ಯಾರಾದರೂ ಪಾತ್ರೆ ಹಿಡಿದು ನಡೆಯಲೇಬೇಕು.

ಇದು ಎಲ್ಲರಿಗೂ ಮನದಟ್ಟಾದದ್ದು 2020ರಲ್ಲಿ. ಕೊರೊನಾ ಹಾವಳಿಯಿಂದ ಆ ವರ್ಷದ ರಂಜಾನ್ ಇಡೀ ಲಾಕ್‌ಡೌನಿನಲ್ಲೇ ಕಳೆಯಿತು. ಕೇರಳದಲ್ಲಿ ಮೇ 24ರಂದು, ಮಹಾರಾಷ್ಟ್ರ ಆಂಧ್ರಗಳಲ್ಲಿ ಮೇ 25ರಂದು ಹಬ್ಬ ಬಂತು. ಈದ್‌ಗಾಗಳು ಬರಿದಾಗಿದ್ದವು, ನಮಾಜು ಮನೆಗಳಲ್ಲೇ ನಡೆಯಿತು. ಆ ವರ್ಷ ಸಾಲು ನಿಲ್ಲಿಸಿ ಬಡಿಸುವಂತಿರಲಿಲ್ಲ. ಕೂಲಿ ಇಲ್ಲದೆ ಕುಳಿತಿದ್ದ ಮನೆಗಳು ಮಾತ್ರ ಹಿಂದೆಂದಿಗಿಂತ ಹೆಚ್ಚಾಗಿದ್ದವು. ಹಬ್ಬದ ಅನ್ನ ಅವರಿಗೆ ತಲುಪಲು ಉಳಿದದ್ದು ಹಳೆಯ ದಾರಿ ಒಂದೇ, ಹೊತ್ತುಕೊಂಡು ಹೋಗಿ ಬಾಗಿಲಲ್ಲಿಟ್ಟು ಬರುವುದು.

ಕೊನೆಯದಾಗಿ ಒಂದು ಮಾತು, ಸ್ವಲ್ಪ ಖಾರವಾದರೂ ಹೇಳಲೇಬೇಕು. ಈಗೀಗ ಕೊಡುವ ಕೈಗಿಂತ ಮೊದಲು ಮೊಬೈಲು ಫೋನು ಬಾಗಿಲೊಳಗೆ ಹೋಗುತ್ತದೆ. ಚೀಲ ಹಿಡಿದು ನಿಂತ ಮುದುಕಿಯ ಫೋಟೊ ಊರೆಲ್ಲ ಸುತ್ತುತ್ತದೆ. ಕೊಟ್ಟವರ ಲೆಕ್ಕಪತ್ರಕ್ಕೆ ಪುರಾವೆ ಬೇಕಾಗಬಹುದು, ಒಪ್ಪೋಣ. ಅದಕ್ಕೆ ಚೀಲದ ಫೋಟೊ ಸಾಲದೇ? ಕೇಳದೆ ಬದುಕಿದವರ ಮಾನವನ್ನು ಕಾಯಲೆಂದು ಹುಟ್ಟಿದ ಕಟ್ಟಳೆ ಇದು. ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯಬಾರದೆಂಬ ಮಾತು ಈ ಪರಂಪರೆಯಲ್ಲೂ ಇದೆ. ದಾಸೋಹದ ನಾಡಿನಿಂದ ಬಂದ ನಮಗೂ ಅದು ಅರ್ಥವಾಗದ ಮಾತಲ್ಲ.

ಮುಂದಿನ ಹಬ್ಬದ ರಾತ್ರಿ ಚೀಲ ಹೊತ್ತ ಹುಡುಗರು ನಿಮ್ಮ ಓಣಿಗೆ ಬಂದರೆ ದಾರಿ ಬಿಡಿ. ಯಾವ ಮನೆಯಲ್ಲಿ ಒಲೆ ಹೊತ್ತಿಲ್ಲವೆಂದು ನಿಮಗೆ ಗೊತ್ತಿದ್ದರೆ ಅವರ ಕಿವಿಯಲ್ಲಿ ಮೆಲ್ಲಗೆ ಹೇಳಿ. ಅಷ್ಟು ಮಾಡಿದರೆ ಆ ನಾಲ್ಕು ಬೊಗಸೆಯಲ್ಲಿ ನಿಮ್ಮದೂ ಒಂದು ಪಾಲು ಸೇರುತ್ತದೆ.