ತುಂಗಭದ್ರೆಯ ಎರಡು ದಡಗಳು: ಮಿಶನ್ ವಿದ್ಯೆ ಮತ್ತು ರಾಷ್ಟ್ರಗಳ ರಾಜತಂತ್ರ

ಉನ್ನತ ಶಿಕ್ಷಣವು ರಾಷ್ಟ್ರಗಳನ್ನು ಹತ್ತಿರ ತರುತ್ತದೆಂಬ ನಂಬಿಕೆ ಇಂದಿನ ರಾಜತಂತ್ರದಲ್ಲಿ ಬಲವಾಗಿದೆ. ವಿದ್ಯಾರ್ಥಿವೇತನಗಳೂ ವಿಶ್ವವಿದ್ಯಾಲಯಗಳ ಒಪ್ಪಂದಗಳೂ ಅದರ ಸಾಧನಗಳು. ಸಭೆಯು ಈ ನಂಬಿಕೆಯನ್ನು ತನ್ನ ಇತಿಹಾಸದಿಂದಲೇ ಪರೀಕ್ಷಿಸಬಹುದು. ಕೊಟ್ಟೂರು, ಕೂಡ್ಲಿಗಿ, ಹಡಗಲಿ, ಹರಪನಹಳ್ಳಿಗಳ ಸೀಮೆ ಅದಕ್ಕೆ ತಕ್ಕ ನೆಲೆ.

ಬ್ರಿಟಿಷರ ಕಾಲದಲ್ಲಿ ಈ ಸೀಮೆ ಮದ್ರಾಸ್ ಪ್ರಾಂತದ ಬಳ್ಳಾರಿ ಜಿಲ್ಲೆಗೆ ಸೇರಿತ್ತು. 1810ರಲ್ಲಿ ಬಳ್ಳಾರಿಗೆ ಬಂದ ಜಾನ್ ಹ್ಯಾಂಡ್ಸ್ ಅಲ್ಲಿ ಲಂಡನ್ ಮಿಶನ್ನಿನ ಸೇವೆಯನ್ನು ಆರಂಭಿಸಿ, ಬೈಬಲಿನ ಕನ್ನಡ ಅನುವಾದದಲ್ಲಿ ತೊಡಗಿದರು. ಹಡಗಲಿಯ ಗಡಿಯಲ್ಲಿ ಹರಿಯುವ ತುಂಗಭದ್ರೆಯ ಆಚೆ ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆ. ಅಲ್ಲಿ 1837ರಿಂದ ಬಾಸೆಲ್ ಮಿಶನ್ ನೆಲೆಸಿತು. ಹೀಗೆ ಒಂದೇ ಭಾಷೆಯ ಎರಡು ದಡಗಳಲ್ಲಿ, ಒಂದು ಕಡೆ ಇಂಗ್ಲಿಷ್ ಪರಂಪರೆಯ, ಇನ್ನೊಂದು ಕಡೆ ಸ್ವಿಸ್-ಜರ್ಮನ್ ಪರಂಪರೆಯ ಬೋಧಕರಿದ್ದರು.

ವಿದ್ಯೆಯ ಸಂಚಾರ ಏಕಮುಖವಾಗಿರಲಿಲ್ಲ. ಕಲಿಸಲು ಬಂದವರು ಇಲ್ಲಿ ಕಲಿಯಬೇಕಾಯಿತು. 1853ರಲ್ಲಿ ಬಂದ ಫರ್ಡಿನೆಂಡ್ ಕಿಟೆಲ್ ತಮ್ಮ ಕನ್ನಡ-ಇಂಗ್ಲಿಷ್ ನಿಘಂಟನ್ನು 1894ರಲ್ಲಿ ಮಂಗಳೂರಿನಲ್ಲಿ ಪ್ರಕಟಿಸಿದರು. 1896ರಲ್ಲಿ ಟ್ಯೂಬಿಂಗನ್ ವಿಶ್ವವಿದ್ಯಾಲಯ ಅವರಿಗೆ ಡಾಕ್ಟರೇಟ್ ನೀಡಿತು. ಇಲ್ಲಿನ ಪಂಡಿತರ ಜ್ಞಾನ ಯುರೋಪಿನ ವಿದ್ವತ್ತಿಗೆ ಸಂದ ಪರಿ ಇದು.

ಆದರೆ 1914ರ ಮಹಾಯುದ್ಧ ಈ ಸ್ನೇಹದ ಮಿತಿಯನ್ನು ತೋರಿಸಿತು. ಬಾಸೆಲ್ ತಟಸ್ಥ ಸ್ವಿಟ್ಜರ್ಲೆಂಡಿನ ನಗರವಾದರೂ ಅದರ ಮಿಶನರಿಗಳಲ್ಲಿ ಅನೇಕರು ಜರ್ಮನರು. ಅವರು ಸರಕಾರದ ಕಣ್ಣಿಗೆ ಶತ್ರುಗಳಾದರು. ಹಲವರು ಅಹಮದ್‌ನಗರದ ಶಿಬಿರದಲ್ಲಿ ಬಂಧಿಗಳಾಗಿ, ಬಳಿಕ ದೇಶದಿಂದ ಹೊರಹಾಕಲ್ಪಟ್ಟರು. ಮಿಶನ್ನಿನ ಕೈಗಾರಿಕೆಗಳೂ ಅದರ ಕೈತಪ್ಪಿದವು. ಜರ್ಮನ್ ಮಿಶನ್ ಆಸ್ತಿಗಳ ಪ್ರಶ್ನೆ 1919ರ ವರ್ಸೈಲ್ಸ್ ಒಪ್ಪಂದದ 438ನೆಯ ವಿಧಿಯವರೆಗೂ ಹೋಯಿತು. ಅವುಗಳನ್ನು ಅದೇ ಪಂಥದ ಧರ್ಮದರ್ಶಿಗಳಿಗೆ ಒಪ್ಪಿಸಬೇಕೆಂದು ಆ ವಿಧಿ ಹೇಳಿತು. ಇದಕ್ಕಾಗಿ ಶ್ರಮಿಸಿದವರಲ್ಲಿ ಜೆ. ಎಚ್. ಓಲ್ಡ್‌ಹ್ಯಾಮ್ ಪ್ರಮುಖರು. ಸಭೆಯ ರಾಜತಂತ್ರ ಆಸ್ತಿಯನ್ನು ಉಳಿಸಬಲ್ಲದಾಗಿತ್ತು; ಬೋಧಕರನ್ನು ಉಳಿಸಲಾರದಾಯಿತು.

ಹಾಗಾದರೆ ಉಳಿದದ್ದೇನು? ಕನ್ನಡದಲ್ಲಿ ಕಲಿತಿದ್ದ ಸಭಾಪಾಲಕರೂ ಉಪದೇಶಕರೂ ಉಳಿದರು. ಆಶ್ರಯದಾತ ರಾಷ್ಟ್ರ ಹಿಂದೆ ಸರಿದಾಗ ಸಭೆಯನ್ನು ಹೊತ್ತವರು ಅವರೇ. 1847ರಲ್ಲಿ ಮಂಗಳೂರಿನಲ್ಲಿ ಆರಂಭವಾದ ಬಾಸೆಲ್ ಸೆಮಿನರಿಯೂ ತುಮಕೂರಿನ ಯೂನಿಯನ್ ಕೆನರೀಸ್ ಸೆಮಿನರಿಯೂ 1965ರಲ್ಲಿ ಕೂಡಿ ಕರ್ನಾಟಕ ಥಿಯಾಲಾಜಿಕಲ್ ಕಾಲೇಜು ರೂಪುಗೊಂಡಿತು. ಯುದ್ಧ ಬೇರ್ಪಡಿಸಿದ್ದ ಪರಂಪರೆಗಳನ್ನು ಸೇರಿಸಿದ್ದು ಯಾವ ರಾಯಭಾರ ಕಚೇರಿಯೂ ಅಲ್ಲ, ಕನ್ನಡ ನಾಡಿನ ಸಭೆಗಳು.

ಇಂದೂ ನಮ್ಮ ಸೆಮಿನರಿಗಳಿಂದ ಯುವಕ ಯುವತಿಯರು ವಿದೇಶೀ ವಿದ್ಯಾರ್ಥಿವೇತನದಿಂದ ಉನ್ನತ ವ್ಯಾಸಂಗಕ್ಕೆ ತೆರಳುತ್ತಾರೆ. ಅದನ್ನು ನಾವು ಕೃತಜ್ಞತೆಯಿಂದ ಸ್ವೀಕರಿಸಬೇಕು. ಆದರೆ ಅಪೊಸ್ತಲನಾದ ಪೌಲನು ವಿಶ್ವಾಸಿಗಳಿಗೆ ಕೊಟ್ಟ ರಾಯಭಾರಿಗಳೆಂಬ ಹೆಸರು ಕ್ರಿಸ್ತನ ಸಂಧಾನಸೇವೆಗೆ ಸಂಬಂಧಿಸಿದ್ದು, ಯಾವುದೇ ರಾಷ್ಟ್ರದ ಹಿತಕ್ಕಲ್ಲ. ಹೋದವರು ತಂದ ವಿದ್ಯೆಯನ್ನು ಕೊಟ್ಟೂರಿನಂಥ ಊರುಗಳ ವಿಶ್ವಾಸಿಗಳಿಗೆ ತಿಳಿಯುವ ಕನ್ನಡದಲ್ಲಿ ಹೇಳಿದಾಗ ಮಾತ್ರ ಆ ರಾಯಭಾರ ಪೂರ್ಣವಾಗುತ್ತದೆ.