ಬಾಗಲಕೋಟೆ ಸೀಮೆಯ ಮನೆ ಕಟ್ಟಡ ಮತ್ತು ಶಕ್ತಿಯ ಬಳಕೆ

ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ಲುಗಳಲ್ಲಿ ಈಗ ರೂಢಿಯಲ್ಲಿರುವುದು ಆರ್‌ಸಿಸಿ ಮನೆ: ಕಾಂಕ್ರೀಟ್ ಕಂಬ, ಸುಟ್ಟ ಇಟ್ಟಿಗೆ ಇಲ್ಲವೇ ಸಿಮೆಂಟ್ ಬ್ಲಾಕಿನ ಗೋಡೆ, ಮೇಲೆ ನಾಲ್ಕೈದು ಇಂಚಿನ ಸ್ಲ್ಯಾಬು. ಅದಕ್ಕೂ ಮುಂಚಿನದು ಮಾಳಿಗೆ ಮನೆ. ದಪ್ಪನೆಯ ಕಲ್ಲು-ಮಣ್ಣಿನ ಗೋಡೆ, ತೊಲೆ-ಜಂತಿಗಳ ಮೇಲೆ ಹರವಿದ ಮಣ್ಣು, ನಡುವೆ ಒಂದು ಬೆಳಕಿಂಡಿ.

ಈ ಊರುಗಳೆಲ್ಲ 16 ಡಿಗ್ರಿ ಉತ್ತರ ಅಕ್ಷಾಂಶದ ಆಸುಪಾಸಿನಲ್ಲಿವೆ. ಮೇ ಮೊದಲ ವಾರ ಮಧ್ಯಾಹ್ನ ಸೂರ್ಯ ನೆತ್ತಿಯ ಮೇಲೇ ಇರುತ್ತಾನೆ. ಬಿಸಿಲು ಗೋಡೆಗಿಂತ ಮಾಳಿಗೆಗೇ ಹೆಚ್ಚು ಬೀಳುತ್ತದೆ. ಮಣ್ಣಿನ ಮಾಳಿಗೆಯಲ್ಲಿ ಕಾವು ಒಳಗಿಳಿಯಲು ಬಹಳ ಹೊತ್ತು ಹಿಡಿಯುತ್ತದೆ. ಬರೀ ಸ್ಲ್ಯಾಬು ಹಗಲೆಲ್ಲ ಕಾದು, ಜನ ಮಲಗುವ ಹೊತ್ತಿಗೆ ಒಳಗೆ ಕಾವು ಬಿಡುತ್ತದೆ. ಮುಂದಿನದು ಫ್ಯಾನು, ಕೂಲರು, ಕರೆಂಟ್ ಬಿಲ್ಲು. 2018ರ ಇಕೋ ನಿವಾಸ ಸಂಹಿತೆ ಚಾವಣಿಯ ಶಾಖ ಪ್ರಸರಣಕ್ಕೆ ಹಾಕಿದ ಮಿತಿ ಚದರ ಮೀಟರಿಗೆ, ಪ್ರತಿ ಡಿಗ್ರಿ ಅಂತರಕ್ಕೆ, 1.2 ವ್ಯಾಟ್, ಬರೀ ಸ್ಲ್ಯಾಬಿನದು ಅದರ ಎರಡು ಪಟ್ಟಿಗೂ ಹೆಚ್ಚು. ಆದರೆ ಆ ಸಂಹಿತೆ 500 ಚದರ ಮೀಟರಿಗಿಂತ ಸಣ್ಣ ನಿವೇಶನಗಳನ್ನು ಮುಟ್ಟಲೇ ಇಲ್ಲ. ಇಲ್ಲಿನ ಬಹುಪಾಲು ಮನೆಗಳು ಅಂಥವೇ.

ಕಟ್ಟುವಾಗಿನ ವೆಚ್ಚ ಬೇರೆ. ಸಿಮೆಂಟಿಗಾಗಿ ಸುಣ್ಣದಕಲ್ಲನ್ನು ಸುಮಾರು 1450 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಡಬೇಕು. ಭಾರತೀಯ ವಿಜ್ಞಾನ ಸಂಸ್ಥೆಯ ವೆಂಕಟರಾಮ ರೆಡ್ಡಿ ಮತ್ತು ಜಗದೀಶ್ 2003ರಲ್ಲಿ ಪ್ರಕಟಿಸಿದ ಲೆಕ್ಕದಂತೆ, ಬಹುಮಹಡಿಯ ಕಾಂಕ್ರೀಟ್ ಚೌಕಟ್ಟಿನ ಕಟ್ಟಡಕ್ಕೆ ಚದರ ಮೀಟರಿಗೆ 4.2 ಗಿಗಾಜೂಲ್ ಶಕ್ತಿ ಬೇಕು. ಸಿಮೆಂಟ್ ಬೆರೆಸಿ ಒತ್ತಿದ ಮಣ್ಣಿನ ಬ್ಲಾಕಿನ ಎರಡಂತಸ್ತಿನ ಮನೆಗೆ 1.6.

ಹಾಗೆಂದು ಸ್ಲ್ಯಾಬು ಹಾಕಿಸಿದವರನ್ನು ದೂರುವಂತಿಲ್ಲ. ಮಾಳಿಗೆಗೆ ಮಳೆಗಾಲಕ್ಕೆ ಮುಂಚೆ ಮಣ್ಣು ಹಾಕಬೇಕು, ತೊಲೆಗೆ ಗೆದ್ದಲು ಹತ್ತುತ್ತದೆ. 2009ರ ಮತ್ತು 2019ರ ನೆರೆಗಳಲ್ಲಿ ನೆನೆದು ಕುಸಿದವು ಮಣ್ಣಿನ ಗೋಡೆಗಳೇ. ಆಲಮಟ್ಟಿ ಹಿನ್ನೀರಿಗೆ ಹಳೆಯ ಬಾಗಲಕೋಟೆಯ ಭಾಗ ಬಿಟ್ಟು ನವನಗರಕ್ಕೆ ಬಂದವರು ಸ್ಲ್ಯಾಬಿನ ಮನೆ ಕಟ್ಟಿದ್ದರಲ್ಲಿ ಅಚ್ಚರಿಯಿಲ್ಲ.

ಕಲ್ಲಿಗಂತೂ ಇಲ್ಲಿ ಕೊರತೆಯಿಲ್ಲ. ಬಾದಾಮಿ, ಗುಳೇದಗುಡ್ಡದ ಮರಳುಗಲ್ಲನ್ನು ಸುಡುವ ಕೆಲಸವಿಲ್ಲ, ಕಡಿದು ತಂದರಾಯಿತು. ಒತ್ತಿದ ಮಣ್ಣಿನ ಬ್ಲಾಕು ಮಾತ್ರ ಎಲ್ಲ ಕಡೆಗೂ ಹೊಂದದು: ಬಾದಾಮಿ ಕಡೆಯ ಮರಳು ಬೆರೆತ ಕೆಂಪು ಮಣ್ಣು ಅದಕ್ಕೆ ಒಗ್ಗುತ್ತದೆ, ಹಿಗ್ಗಿ ಕುಗ್ಗುವ ಹುನಗುಂದದ ಎರೆಮಣ್ಣು ಸುಣ್ಣ, ಮರಳು ಬೆರೆಸದೆ ಒಗ್ಗದು.