ಕ್ಯಾಮೆರಾ ಕಾಣದ ನದಿ

ಗ್ರೇಟ್ ಆಕ್ ಎಂಬ ಹಕ್ಕಿ ಹಿಂದೆ ಉತ್ತರ ಅಟ್ಲಾಂಟಿಕ್ ಸಾಗರದ ದ್ವೀಪಗಳಲ್ಲಿತ್ತು. ಹೆಬ್ಬಾತಿನಷ್ಟು ದೊಡ್ಡದು, ಆದರೆ ಹಾರಲು ಬಾರದು. 1534ರಲ್ಲಿ ಫ್ರಾನ್ಸಿನ ನಾವಿಕ ಜಾಕ್ ಕಾರ್ಟಿಯೇ ಮತ್ತು ಸಂಗಡಿಗರು ನ್ಯೂಫೌಂಡ್‌ಲ್ಯಾಂಡ್ ಬಳಿಯ ಒಂದು ದ್ವೀಪದಲ್ಲಿ ಇವನ್ನು ಕೊಂದು, ಅರ್ಧ ಗಂಟೆಯೊಳಗೆ ಎರಡು ದೋಣಿ ತುಂಬಿಸಿದರು. ಆ ಮಾಂಸವೇ ಅವರ ಊಟ. 1844ರಲ್ಲಿ ಐಸ್‌ಲ್ಯಾಂಡ್ ಬಳಿ ಕೊನೆಯ ಜೋಡಿಯೂ ಸತ್ತಿತು. ಜೀವಂತ ಆಕ್‌ನ ಒಂದೇ ಒಂದು ಛಾಯಾಚಿತ್ರವೂ ಇಲ್ಲ.

ಆದರೆ ಅದು ಓಡಾಡುವುದನ್ನು ತೆರೆಯ ಮೇಲೆ ನೋಡಬಹುದು. ಕೆನಡಾದ ಫ್ರೆಡೆರಿಕ್ ಬ್ಯಾಕ್ 1993ರಲ್ಲಿ ಮುಗಿಸಿದ ‘ದಿ ಮೈಟಿ ರಿವರ್’ ಸೇಂಟ್ ಲಾರೆನ್ಸ್ ನದಿಯ ಕಥೆ ಹೇಳುವ 24 ನಿಮಿಷಗಳ ಅನಿಮೇಷನ್ ಚಿತ್ರ. ಬಿಳಿಯರು ಬರುವ ಮೊದಲಿನ ನದಿ, ತಿಮಿಂಗಿಲ, ವಾಲ್ರಸ್, ಹಕ್ಕಿಗಳ ಹಿಂಡು, ಅನಂತರ ಬೇಟೆಗಾರರು, ಕೊನೆಗೆ ಕಾರ್ಖಾನೆಗಳ ಕೊಳಕು, ಎಲ್ಲವೂ ಅದರಲ್ಲಿದೆ.

ಬ್ಯಾಕ್ ಹುಟ್ಟಿದ್ದು 1924ರಲ್ಲಿ, ಯೂರೋಪಿನಲ್ಲಿ. 1948ರಲ್ಲಿ ಕೆನಡಾಕ್ಕೆ ಹೋಗಿ, 1952ರಲ್ಲಿ ರೇಡಿಯೊ-ಕೆನಡಾದ ಟೆಲಿವಿಷನ್ ವಿಭಾಗ ಸೇರಿದರು. ಅವರ ಕೆಲಸದ ರೀತಿ ಬೇರೆ. ಸಾಮಾನ್ಯವಾಗಿ ಅನಿಮೇಷನ್‌ನಲ್ಲಿ ಪಾರದರ್ಶಕ ಹಾಳೆಯ ಮೇಲೆ ಶಾಯಿಯಲ್ಲಿ ಗೆರೆ ಎಳೆದು, ಹಿಂಬದಿಯಲ್ಲಿ ಬಣ್ಣ ತುಂಬುತ್ತಿದ್ದರು. ಬ್ಯಾಕ್ ತರಿತರಿಯಾದ ಅಸಿಟೇಟ್ ಹಾಳೆಯ ಮೇಲೆ ಬಣ್ಣದ ಪೆನ್ಸಿಲಿನಲ್ಲೇ ಬರೆದರು. ಗೆರೆ ಬಿಗಿಯಾಗಿ ನಿಲ್ಲದ ಕಾರಣ ಅಲೆ ಮೀನಾಗಬಹುದು, ಮೀನು ಮತ್ತೆ ಅಲೆಯಾಗಬಹುದು. ನದಿಯ ಕಥೆಗೆ ಇದಕ್ಕಿಂತ ಒಪ್ಪುವ ವಿಧಾನ ಸಿಗಲಾರದು. ಸೆಕೆಂಡಿಗೆ 24 ಚೌಕಟ್ಟಿನಂತೆ 24 ನಿಮಿಷಕ್ಕೆ 34,560 ಚೌಕಟ್ಟು ಬೇಕು. ಒಂದೊಂದು ಚಿತ್ರವನ್ನು ಎರಡು ಸಲ ಸೆರೆಹಿಡಿದರೂ ಹದಿನೇಳು ಸಾವಿರ ದಾಟುತ್ತದೆ!

ಪೆನ್ಸಿಲ್ ಬಣ್ಣ ಅಳಿಸದಂತೆ ಸಿಂಪಡಿಸುವ ದ್ರಾವಣದಿಂದ, ಹಿಂದಿನ ‘ಕ್ರ್ಯಾಕ್’ ಚಿತ್ರದ ಸಮಯದಲ್ಲೇ ಬ್ಯಾಕ್ ಒಂದು ಕಣ್ಣಿನ ದೃಷ್ಟಿ ಕಳೆದುಕೊಂಡಿದ್ದರು. ಆ ಚಿತ್ರಕ್ಕೆ 1982ರಲ್ಲಿ ಆಸ್ಕರ್ ಬಂತು. ನದಿಗೆ ಸೇರುವ ವಿಷದ ಬಗ್ಗೆ ಚಿತ್ರ ಮಾಡಿದವರ ಕಣ್ಣನ್ನು ರಾಸಾಯನಿಕವೇ ಕಿತ್ತುಕೊಂಡಿತ್ತು.

ನದಿಯನ್ನು ಸರಿಪಡಿಸಬೇಕು ಎನ್ನುವಾಗ ಮೊದಲು ಏಳುವ ಪ್ರಶ್ನೆ, ಯಾವ ಸ್ಥಿತಿಗೆ ಎಂಬುದು. ಕೊಳಕು ನದಿಯ ದಡದಲ್ಲೇ ಹುಟ್ಟಿ ಬೆಳೆದವರಿಗೆ ಅದೇ ನದಿ. ಬೆಲುಗಾ ತಿಮಿಂಗಿಲಗಳು ಮೀನನ್ನೆಲ್ಲ ತಿಂದುಬಿಡುತ್ತವೆಂದು 1930ರ ದಶಕದಲ್ಲಿ ಕ್ವಿಬೆಕ್ ಸರ್ಕಾರವೇ ಅವನ್ನು ಕೊಂದವರಿಗೆ ಬಹುಮಾನ ಕೊಡುತ್ತಿತ್ತು. ಆ ಬೇಟೆ ನಿಷೇಧವಾದದ್ದು 1979ರಲ್ಲಿ. ಹಿಂದಿನ ಸಮೃದ್ಧಿಯನ್ನು ಕ್ಯಾಮೆರಾ ಎಂದೂ ಕಂಡಿಲ್ಲ. ಅದನ್ನು ಕೈಯಿಂದ ಬರೆದೇ ತೋರಿಸಬೇಕು.

ಚಿತ್ರದ ಕೊನೆಯ ಆಶಾವಾದ ಮಾತ್ರ ವಿನಾಶದ ದೃಶ್ಯಗಳಷ್ಟು ತಟ್ಟುವುದಿಲ್ಲ. ಅದು ಬ್ಯಾಕ್ ಅವರ ತಪ್ಪಲ್ಲವೇನೋ. ಸೇಂಟ್ ಲಾರೆನ್ಸ್ ಕ್ರಿಯಾ ಯೋಜನೆ ಶುರುವಾದದ್ದೇ 1988ರಲ್ಲಿ. ಬರೆಯಲು ಫಲಿತಾಂಶ ಇನ್ನೂ ಸಾಲದಿತ್ತು. ಇದೇ ಅವರ ಕೊನೆಯ ಚಿತ್ರವಾಯಿತು. 2013ರ ಡಿಸೆಂಬರಿನಲ್ಲಿ ಮಾಂಟ್ರಿಯಲ್‌ನಲ್ಲಿ ತೀರಿಕೊಂಡರು.

1960ರ ದಶಕದ ಕೊನೆಗೆ ಈ ನದಿಯಿಂದ ಮರೆಯಾಗಿದ್ದ ಪಟ್ಟೆ ಬಾಸ್ ಮೀನನ್ನು, ಬೇರೆ ನದಿಯಿಂದ ತಂದ ತಳಿಯ ಮೂಲಕ 2002ರಿಂದ ಮತ್ತೆ ಬಿಡಲಾಯಿತು. ಅದು ಇಲ್ಲಿ ಈಗ ತಾನೇ ಮರಿ ಮಾಡುತ್ತದೆ. ಬ್ಯಾಕ್ ತೀರಿಕೊಂಡ ಎರಡು ವರ್ಷಕ್ಕೆ, 2015ರ ನವೆಂಬರಿನಲ್ಲಿ, ಮಾಂಟ್ರಿಯಲ್ ನಗರ ಕೊಳವೆ ರಿಪೇರಿಗೆಂದು ಸುಮಾರು 490 ಕೋಟಿ ಲೀಟರ್ ಒಳಚರಂಡಿ ನೀರನ್ನು ಶುದ್ಧೀಕರಿಸದೆ ಅದೇ ನದಿಗೆ ಹರಿಬಿಟ್ಟಿತು.